ಪಾಲಿಗೆ ಬಂದ ಅಧ್ಯಾಯ

ಮೊನ್ನೆ ಒಂದು ಮದುವೆಗೆಂದು ಕುರುಗೋಡಿಗೆ ಹೋಗಿದ್ದೆ. ಊಟಕ್ಕೆ ಇನ್ನೂ ಹೊತ್ತಿತ್ತು. ಹೆಂಗಸರೆಲ್ಲ ಮದುಮಗಳ ಸೀರೆಯ ನೆರಿಗೆ ಹಿಡಿಯುವ ಗಡಿಬಿಡಿಯಲ್ಲಿದ್ದಾಗ ನಾನು ಎದ್ದು ಹಳೆಯ ಪ್ರಾರ್ಥನಾ ಮಂದಿರದ ಕಡೆ ನಡೆದೆ. ಗೋಡೆ ಅದೇ, ಕಿಟಕಿ ಅದೇ. ಒಳಗೆ ಕಾಲಿಟ್ಟಾಗ ಮಾತ್ರ ಅಂಗಾಲು ತಣ್ಣಗಾಯಿತು. ನೆಲಕ್ಕೆ ಕಡಪಾ ಕಲ್ಲು ಹಾಸಿ ಸಂದುಸಂದಿಗೂ ಸಿಮೆಂಟು ತುಂಬಿಸಿದ್ದಾರೆ. ಕಸ ಗುಡಿಸುತ್ತಿದ್ದ ಹೆಂಗಸು, "ಹೋದ ವರ್ಷ ಹಾಸಿದ್ದು. ಚಂದ ಐತಲ್ರಿ?" ಎಂದಳು. "ಚಂದ ಐತವ್ವ" ಎಂದೆ. ಇನ್ನು ಈ ನೆಲದಿಂದ ಯಾರೂ ಒಂದು ಹಿಡಿ ಧೂಳು ಬಾಚಲಾರರು ಎಂದು ನನಗೆ ಎಷ್ಟು ಹಾಯೆನಿಸಿತು ಎಂಬುದನ್ನು ಹೇಳಲಿಲ್ಲ. ಹೇಳಿದ್ದರೆ ಆ ಬೇಸಿಗೆಯನ್ನೆಲ್ಲ ಹೇಳಬೇಕಾಗುತ್ತಿತ್ತು.

ಹದಿನೆಂಟು ಹತ್ತೊಂಬತ್ತು ವರ್ಷದ ಹಿಂದಿನ ಮಾತು, ಎಪ್ಪತ್ತರ ದಶಕ ಶುರುವಾದ ಹೊಸತು. ಕ್ರಿಸ್ಮಸ್ಸಿಗೆ ಸ್ವಲ್ಪ ಮುಂಚೆ ನಮ್ಮವರಿಗೆ, ಎಂದರೆ ನನ್ನ ಗಂಡನಿಗೆ, ಕುರುಗೋಡಿನ ಕ್ರೈಸ್ತ ಸಭೆಗೆ ಉಪದೇಶಿಯಾಗಿ ಹೋಗಲು ಮಿಷನ್ನಿನವರು ಹೇಳಿದರು. ಉಪದೇಶಿ ಎಂದರೆ ಅಯ್ಯನವರಲ್ಲ. ದೀಕ್ಷೆ ಪಡೆದ ಅಯ್ಯನವರು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಇರುತ್ತಿದ್ದರು. ತಿಂಗಳಿಗೊಮ್ಮೆ ಬಂದು ರೊಟ್ಟಿ ದ್ರಾಕ್ಷಾರಸದ ಪ್ರಭುಭೋಜನ ಕೊಟ್ಟು ಹೋಗುವರು. ಉಳಿದ ದಿನಗಳ ಪ್ರಾರ್ಥನೆ, ಮಣ್ಣು ಮಾಡುವುದು, ಜಗಳ ಬಿಡಿಸುವುದು, ಸಂಜೆ ಹೊತ್ತು ದೊಡ್ಡವರಿಗೆ ಅಕ್ಷರ ಕಲಿಸುವುದು ಎಲ್ಲ ಉಪದೇಶಿಯ ತಲೆಗೆ. ಟ್ರಂಕು, ಒಂದು ಹಾಸಿಗೆ ಸುರುಳಿ, ನನ್ನ ರೊಟ್ಟಿ ಹಂಚು ಇಷ್ಟನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದೆವು.

ನಮ್ಮ ಕೇರಿ ಗುಡ್ಡದ ಬುಡದಲ್ಲಿ, ಊರಿಂದ ಒಂದು ಕೂಗಿನ ದೂರ. ಒಂದೇ ಸಾಲು ಮನೆಗಳು. ಗಂಡಸರು ಕಲ್ಲು ಒಡೆಯಲು ಹೋಗುವರು, ಹೆಂಗಸರು ಹತ್ತಿ ಬಿಡಿಸಲು, ಕಳೆ ಕೀಳಲು. ಇವರ ಅಜ್ಜ ಮುತ್ತಜ್ಜಂದಿರು ಮೈಲಿಗೆ ಎಂಬ ಮಾತು ಕೇಳಿ ಕೇಳಿ ಬೇಸತ್ತು ಈ ಮಾರ್ಗಕ್ಕೆ ಬಂದವರು. ನಮ್ಮ ಮನೆತನವೂ ಹಾಗೆಯೇ ಬಂದದ್ದು. ಸಾಲಿನ ತುದಿಯಲ್ಲಿ ಪ್ರಾರ್ಥನಾ ಮಂದಿರ, ಅದಕ್ಕೆ ಆತುಕೊಂಡು ನಮ್ಮ ಮನೆ, ನಮ್ಮ ಪಕ್ಕಕ್ಕೆ ಯಾಕೋಬಪ್ಪನ ಮನೆ. ಮಂದಿರದ ನೆಲ ಮಣ್ಣಿನದು. ಶನಿವಾರ ಶನಿವಾರ ಸಗಣಿ ಹಾಕಿ ಸಾರಿಸುತ್ತಿದ್ದೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅದು ಒಣಗಿ ಬಿರಿದು ಮತ್ತೆ ಪುಡಿ ಏಳುತ್ತಿತ್ತು.

ಆ ಕೇರಿಯಲ್ಲಿ ಒಂದು ಪದ್ಧತಿ. ಕ್ರಿಸ್ಮಸ್ ಮರುದಿನದಿಂದ ಸತ್ಯವೇದವನ್ನು, ಎಂದರೆ ಬೈಬಲನ್ನು, ಮೊದಲ ಪುಟದಿಂದ ಓದುತ್ತ ಬರುವುದು, ಸಂಜೆಗೊಂದು ಮನೆ, ಮನೆಗೊಂದು ಅಧ್ಯಾಯ. ಸಾಲು ಮುಗಿದರೆ ಮತ್ತೆ ಮೊದಲ ಮನೆಯಿಂದ. ಯಾವ ಮನೆಗೆ ಯಾವ ಅಧ್ಯಾಯ ಬರುತ್ತದೋ ಅದು ಆ ಮನೆಗೆ ದೇವರು ಆಡಿದ ಮಾತು ಎಂದು ಅವರ ನಂಬಿಕೆ. "ನಮ್ಮ ಪಾಲಿಗೆ ಅಣ್ಣಂದಿರು ಯೋಸೇಫನ್ನ ತಳ್ಳಿದ ಗುಂಡಿ ಬಂತ್ರಿ ಈ ಸಲ" ಎಂದು ಒಬ್ಬ ಹೇಳಿದರೆ, ಇನ್ನೊಬ್ಬ "ಅದಕ್ಕ ನಿನ್ನ ಎಮ್ಮಿ ಹಳ್ಳಕ್ಕ ಬಿದ್ದದ್ದು" ಎನ್ನುತ್ತಿದ್ದ. ಹೀಗೆ ನಗೆಯೂ ಇತ್ತು, ಭಯವೂ ಇತ್ತು.

ಹಿಂದಿದ್ದ ಮುದುಕ ಉಪದೇಶಿ ಜಾಣ. ದೇವರ ಗುಡಾರದ ಕಂಬ ಪರದೆಗಳ ವಿವರ ಶುರುವಾದ ಕೂಡಲೇ ಹಿಡಿ ಪುಟ ಒಟ್ಟಿಗೆ ತಿರುವಿ ಯೇಸುವಿನ ಕಥೆಯ ಸುವಾರ್ತೆಗೆ ಬಂದುಬಿಡುತ್ತಿದ್ದನಂತೆ. ನಮ್ಮವರು ಹಾಗಲ್ಲ. ಅಂಗಿಯ ಗುಂಡಿ ಒಂದು ಬಿಟ್ಟುಹೋಗಿದ್ದರೂ ಮನೆಯಿಂದ ಹೊರಬೀಳದ ಮನುಷ್ಯ. "ಬಿಡಾಕ ನಾನ್ಯಾರು? ದೇವರ ಮಾತಿನಾಗ ಎಳೇದು ಬಲಿತದ್ದು ಆರಿಸಾಕ ಇದೇನು ಬದನಿಕಾಯಿ ಸಂತಿನಾ?" ಎಂದರು. ಒಂದೂ ಬಿಡದೆ ಓದಲು ನಿಂತರು.

ಆದಿಕಾಂಡ ಕಥೆ ಕೇಳಿದ ಹಾಗೆ ಸಾಗಿತು. ವಿಮೋಚನಕಾಂಡದಲ್ಲಿ ಸಮುದ್ರ ಇಬ್ಭಾಗವಾದಾಗ ಮುದುಕರು ಅತ್ತರು. ಬಿಸಿಲು ಏರತೊಡಗಿದ ಮೇಲೆ ಯಾಜಕಕಾಂಡ ಬಂತು. ಏನು ತಿನ್ನಬೇಕು, ಯಾವುದನ್ನು ಮುಟ್ಟಬಾರದು, ಹೆತ್ತವಳು ಎಷ್ಟು ದಿನ ದೂರವಿರಬೇಕು, ಮೈಮೇಲೆ ಮಚ್ಚೆ ಎದ್ದವನು ಎಲ್ಲಿ ಕೂರಬೇಕು. ಓದು ಮುಗಿದ ಮೇಲೆ ಮೊದಲಿನ ಹಾಗೆ ಮಂಡಕ್ಕಿ ಹಂಚಿಕೊಂಡು ಹರಟುವುದು ಕಡಿಮೆಯಾಯಿತು. ಕೆಲವು ಹೆಂಗಸರು ಯಾರೂ ಹೇಳದಿದ್ದರೂ ಬಾಗಿಲ ಹತ್ತಿರ ಸರಿದು ಕೂತುಕೊಳ್ಳತೊಡಗಿದರು.

ಜನ ನಮ್ಮವರನ್ನು ಕೇಳುತ್ತಿದ್ದರು, ಇವರು ಗೊತ್ತಿದ್ದಷ್ಟು ಹೇಳುತ್ತಿದ್ದರು. ಹಂದಿ ತಿನ್ನಬಹುದಾ? ತಿನ್ನಬಹುದು, ಯೇಸುವಿನ ಶಿಷ್ಯ ಪೇತ್ರನಿಗೆ ದೇವರೇ ದರ್ಶನದಲ್ಲಿ ತೋರಿಸಿ ಬಿಡುಗಡೆ ಕೊಟ್ಟಿದ್ದಾನೆ. ಮುಟ್ಟಾದವರು ಪ್ರಾರ್ಥನೆಗೆ ಬರಬಹುದಾ? ಬರಬಹುದು, ರಕ್ತಸ್ರಾವದ ಹೆಂಗಸು ಮುಟ್ಟಿದಾಗ ಪ್ರಭು ಯೇಸು ಮೈಲಿಗೆಯಾಗಲಿಲ್ಲ, ಆಕೆ ವಾಸಿಯಾದಳು. ರಕ್ತಿ? ಕುರಿ ಕೊಯ್ದಾಗ ರಕ್ತವನ್ನು ಈರುಳ್ಳಿ ಹಾಕಿ ಹುರಿದು ತಿನ್ನುವುದು ಆ ಕೇರಿಗೆ ಹಬ್ಬ. ನಮ್ಮವರು ಯೋಚಿಸಿ, ಅದು ಮಾತ್ರ ಬೇಡ, ರಕ್ತ ಬೇಡವೆಂದು ಯೇಸು ಬಂದ ಮೇಲಿನ ಹೊಸ ಒಡಂಬಡಿಕೆಯಲ್ಲೂ ಆತನ ಅಪೊಸ್ತಲರು ಹೇಳಿದ್ದಾರೆ ಎಂದರು. ಜನ ಬಿಟ್ಟರು. ಯಾಕೋಬಪ್ಪನ ತಾಯಿ ದೇವಮ್ಮ ಬಾಯಲ್ಲಿದ್ದ ಎಲೆಯಡಿಕೆ ಒಂದು ಕಡೆ ಸರಿಸಿ, "ಒಂದು ಹೋತು ಅಂತೀರಿ, ಒಂದು ಐತಿ ಅಂತೀರಿ. ಯಾವುದು ಹೋತು ಯಾವುದು ಐತಿ ಅನ್ನೋದು ನಿಮ್ಮ ಅಂಗಿ ಕಿಸೇದಾಗ ಐತೇನ್ರಿ ಉಪದೇಶಿಗಳೇ?" ಎಂದಳು. ಎಲ್ಲರೂ ನಕ್ಕರು. ಆಕೆ ನಗಲಿಲ್ಲ.

ದೇವಮ್ಮನ ಸೊಸೆ ಕರುಣಮ್ಮ ನನ್ನ ಜೊತೆಗಾರ್ತಿ. ಬಾವಿಗೆ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು, ಖಾರ ಒಟ್ಟಿಗೆ ಕುಟ್ಟುತ್ತಿದ್ದೆವು. ಬಾಯಿ ಚುರುಕು. "ಅಕ್ಕಾ, ಆ ದೇವರಿಗೆ ಅಡಿಗಿ ಮನಿ ಬಾಳ ಗೊತ್ತೈತಿ ನೋಡು. ಯಾವ ಮಡಕಿ ಒಡೀಬೇಕು, ಯಾವುದು ತೊಳದು ಇಟ್ಕೋಬೇಕು, ಎಲ್ಲಾ ಹೇಳ್ಯಾನ. ನಮ್ಮತ್ತಿಗಿಂತ ನಿಗಾ ಜಾಸ್ತಿ" ಎನ್ನುವಳು. ಗಂಡ ಯಾಕೋಬಪ್ಪ ಸುಗ್ಗಿಯ ಹೊತ್ತಿನಿಂದ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವ ಕೆಲಸಕ್ಕೆ ಹೋಗುತ್ತಿದ್ದ. ಶನಿವಾರ ಸಂಜೆಗೆ ಬಂದು ಸೋಮವಾರ ಬೆಳಿಗ್ಗೆ ಹೋಗುವನು. ಬಂದಾಗ ಅವನ ಮೈಯಿಂದ ಉಗಿಯಲ್ಲಿ ಬೆಂದ ಹೊಟ್ಟಿನ ವಾಸನೆ. ಚಳಿಗಾಲದಲ್ಲಿ ಆ ಶನಿವಾರಗಳಂದೇ ನಮ್ಮವರ ಹತ್ತಿರ ಓದು ಬರಹ ಕಲಿತಿದ್ದ. ಬೇಗ ಕಲಿತ, ಬೆರಳಿಟ್ಟು ಓದಿದ್ದನ್ನು ಮರೆಯುತ್ತಿರಲಿಲ್ಲ.

ಕರುಣಮ್ಮನಿಗೆ ಹಿಂದೆ ಎರಡು ಸಲ ಬಸಿರು ನಿಂತು ಜಾರಿತ್ತು. ಈಗ ಮೂರನೆಯದು, ನಾಲ್ಕು ತಿಂಗಳಾಗಿತ್ತು. ಬಾವಿಯ ಹತ್ತಿರ ಒಮ್ಮೆ ಸೊಂಟ ಹಿಡಿದು ಕೂತುಬಿಟ್ಟಳು. "ಸ್ವಲ್ಪ ಕೆಂಪು ಕಾಣಿಸ್ತು ಅಕ್ಕಾ. ಯಾರಿಗೂ ಹೇಳಬ್ಯಾಡ" ಎಂದಳು. ಅಂದಿನಿಂದ ಆಕೆಯ ಕೊಡವನ್ನೂ ನಾನೇ ಸೇದುತ್ತಿದ್ದೆ. ದೇವಮ್ಮ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ, "ಮಗ ಮನ್ಯಾಗಿದ್ದಾಗ ಎರಡೂ ನಿಲ್ಲಲಿಲ್ಲ. ಮಗ ಊರು ಬಿಟ್ಟ ಮ್ಯಾಲ ಮೂರನೇದು ಹೆಂಗ ನಿಂತಿತವ್ವ" ಎನ್ನುತ್ತಿದ್ದಳು. ಕೇಳಿದವರು ಕೇಳದ ಹಾಗೆ ಹೋಗುತ್ತಿದ್ದರು. ಆದರೆ ಮಾತು ಹೋಗುತ್ತಿರಲಿಲ್ಲ. ಶನಿವಾರ ಬಂದ ಮಗನ ತಟ್ಟೆಯಲ್ಲಿ ರೊಟ್ಟಿಯ ಜೊತೆ ಅದನ್ನೂ ಇಡುತ್ತಿದ್ದಳು.

ಈಸ್ಟರ್ ಮುಗಿಯಿತು. ಓದು ಸತ್ಯವೇದದ ನಾಲ್ಕನೆಯ ಪುಸ್ತಕ ಅರಣ್ಯಕಾಂಡಕ್ಕೆ ಬಂದಿತ್ತು. ಒಂದು ಶನಿವಾರ ಮಧ್ಯಾಹ್ನ ನಮ್ಮವರು ಊಟಕ್ಕೆ ಕೂತರು. ಪುಂಡಿಪಲ್ಯಕ್ಕೆ ನಾನು ಉಪ್ಪು ಹಾಕಲು ಮರೆತಿದ್ದೆ; ಅವರು ಸುಮ್ಮನೆ ತಿಂದು ಎದ್ದರು. ನನಗೆ ಆಗಲೇ ಗೊತ್ತಾಯಿತು, ಏನೋ ಇದೆ.

"ಇವತ್ತು ಓದು ಯಾರ ಮನ್ಯಾಗ?" ಎಂದೆ.

"ಯಾಕೋಬಪ್ಪನ ಮನ್ಯಾಗ. ಐದನೇ ಅಧ್ಯಾಯ."

"ಅದರಾಗ ಏನೈತಿ?"

ಅವರು ಹೇಳಿದರು. ಗಂಡನಿಗೆ ಹೆಂಡತಿಯ ಮೇಲೆ ಸಂಶಯ ಬಂದರೆ, ನೋಡಿದವರು ಯಾರೂ ಇಲ್ಲದಿದ್ದರೂ, ಆಕೆಯನ್ನು ಯಾಜಕನ ಮುಂದೆ ತರಬೇಕು. ಮಣ್ಣಿನ ಪಾತ್ರೆಯಲ್ಲಿ ನೀರು ತೆಗೆದುಕೊಂಡು ದೇವರ ಗುಡಾರದ ನೆಲದ ಧೂಳನ್ನು ಅದಕ್ಕೆ ಹಾಕಬೇಕು. ಶಾಪವನ್ನು ಬರೆದು ಆ ನೀರಿನಲ್ಲೇ ತೊಳೆಯಬೇಕು. ಆಕೆಯ ತಲೆಗೂದಲು ಬಿಚ್ಚಿ ಅದನ್ನು ಕುಡಿಸಬೇಕು. ಕೆಟ್ಟವಳಾಗಿದ್ದರೆ ಹೊಟ್ಟೆ ಉಬ್ಬಿ ತೊಡೆ ಬತ್ತಿಹೋಗುತ್ತದೆ. ಒಳ್ಳೆಯವಳಾಗಿದ್ದರೆ ಏನೂ ಆಗುವುದಿಲ್ಲ, ಮಕ್ಕಳಾಗುತ್ತವೆ. ಏನಾದರೂ ಗಂಡನಿಗೆ ದೋಷವಿಲ್ಲ.

ನನ್ನ ಕೈಯಲ್ಲಿದ್ದ ತಟ್ಟೆ ಕೈಯಲ್ಲೇ ಉಳಿಯಿತು. "ಅದನ್ನ ಬಿಟ್ಟು ಮುಂದಿಂದು ಓದ್ರಿ" ಎಂದೆ.

"ಲೆಕ್ಕ ಎಲ್ಲರಿಗೂ ಗೊತ್ತೈತಿ. ಇಷ್ಟು ದಿನ ಒಂದೂ ಬಿಡಲಿಲ್ಲ, ಇವರ ಮನಿಗೆ ಬಂದಾಗ ಯಾಕ ಬಿಟ್ರಿ ಅಂತಾರ. ಆಗ ಅವನೇ ತಗದು ಓದ್ತಾನ. ಓದಾಕ ಕಲಿಸಿದವ ನಾನೇ ಅಲ್ಲೇನು?"

ಸಂಜೆ ಲಾಟೀನು ಹಚ್ಚಿ ಯಾಕೋಬಪ್ಪನ ಮನೆಯ ಪಡಸಾಲೆಯಲ್ಲಿ ಕೂತೆವು. ಗಾಳಿ ಇರಲಿಲ್ಲ. ಗುಡ್ಡದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ಉಸಿರು ಬಿಟ್ಟಂತೆ ಬಿಡುತ್ತಿತ್ತು. ನಮ್ಮವರು ಆದಷ್ಟು ಬೇಗ, ಆದಷ್ಟು ಮೆಲ್ಲಗೆ ಓದಿದರು. ಆದರೂ ಒಂದೊಂದು ಮಾತೂ ಎಲ್ಲರಿಗೂ ಕೇಳಿಸಿತು. ಕರುಣಮ್ಮ ನನ್ನ ಪಕ್ಕದಲ್ಲಿ ಕೂತಿದ್ದಳು. ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು. ಓದು ಮುಗಿದ ಮೇಲೆ ಯಾಕೋಬಪ್ಪ ಎದ್ದು ನಿಂತು, ತೀರ ಮರ್ಯಾದೆಯಿಂದ, ಕೈ ಕಟ್ಟಿಕೊಂಡು ಕೇಳಿದ.

"ಇದು ನಮ್ಮ ಪಾಲಿಗೆ ಬಂದದ್ದು, ಹೌದಲ್ರಿ?"

"ಯಾಕೋಬಪ್ಪ, ಇದು ಆ ಕಾಲದ ಜನಕ್ಕ ಕೊಟ್ಟ ನೇಮ" ಎಂದರು ನಮ್ಮವರು.

"ಕದೀಬ್ಯಾಡ, ಕೊಲ್ಲಬ್ಯಾಡ ಅನ್ನೋದು ಆ ಕಾಲದ ಜನಕ್ಕೇ ಕೊಟ್ಟದ್ದಲ್ರಿ. ಅದನ್ನ ಹುಡುಗರಿಗೆ ಬಾಯಿಪಾಠ ಮಾಡಿಸ್ತೀರಿ. ಬೆಳೀಲಿ ಹತ್ತನೇ ಪಾಲು ದೇವರದ್ದು ಅನ್ನೋದೂ ಅಲ್ಲೇ ಐತಿ. ನೀವು ರಕ್ತಿ ಬಿಡು ಅಂದ್ರಿ, ಬಿಟ್ಟೆ. ಈಗ ಇದೊಂದು ಹೋತು ಅಂತೀರಿ."

ಕರುಣಮ್ಮ ತಲೆಯೆತ್ತಿ ಗಂಡನನ್ನೇ ನೋಡುತ್ತಿದ್ದಳು. ಅವನು ಅವಳ ಕಡೆ ನೋಡಲಿಲ್ಲ.

ಮಾರನೆಯ ವಾರವೆಲ್ಲ ಸಂಜೆಯ ಓದು ನಿಂತುಹೋಯಿತು. ಮುಂದಿನ ಮನೆ ನಮ್ಮದೇ, ಆದರೆ ಯಾರೂ ಬರಲಿಲ್ಲ. ಕೇರಿಯಲ್ಲಿ ಬೇರೆ ಮಾತೇ ಇಲ್ಲ. ಬಾವಿಯ ಹತ್ತಿರ ನನ್ನನ್ನು ಕಂಡರೆ ಸುಮ್ಮನಾಗುವರು, ನಾನು ಬೆನ್ನು ತಿರುಗಿಸಿದರೆ ಶುರು. "ಸುದ್ದ ಇದ್ದಾಕಿಗೆ ನೀರು ಕುಡಿಯಾಕ ಏನು ಅಂಜಿಕಿ?" ಇದು ಒಬ್ಬಳ ಮಾತಲ್ಲ, ಎಲ್ಲರದ್ದೂ. ಮೈಲಿಗೆಯಿಂದ ಓಡಿ ಬಂದವರ ಮೊಮ್ಮಕ್ಕಳು ಹೀಗೆ ಮಾತಾಡುವುದನ್ನು ಕೇಳಿ ನಾನು ಕೊಡ ತುಂಬುವ ಮುಂಚೆಯೇ ಎತ್ತಿಕೊಂಡು ಬರುತ್ತಿದ್ದೆ. ಆಕೆಯ ಬಸಿರು ಮೊದಲೇ ತೂಗುತ್ತಿದೆ. ಈ ಹೆದರಿಕೆಯಲ್ಲಿ ನೀರು ಕುಡಿದು ಅದೇನಾದರೂ ಜಾರಿದರೆ, ಮತ್ತೆ ಯಾರೂ ಏನೂ ಕೇಳುವುದಿಲ್ಲ. ಆಕೆ ಕೆಟ್ಟವಳೆಂದು ದೇವರೇ ಹೇಳಿದ ಹಾಗೆ. ಅದನ್ನು ನಮ್ಮವರಿಗೆ ಬಿಡಿಸಿ ಹೇಳಿದೆ. ಅವರು ಎದ್ದು ಅಂಗಿ ಹಾಕಿಕೊಂಡರು.

ಇಬ್ಬರೂ ಬಳ್ಳಾರಿಗೆ ಹೋದೆವು. ಅಯ್ಯನವರು ಕಂಟೋನ್ಮೆಂಟಿನ ಬಂಗಲೆಯ ವರಾಂಡದಲ್ಲಿ ಬೆತ್ತದ ಕುರ್ಚಿಯಲ್ಲಿದ್ದರು. ಒಳ್ಳೆಯ ಮನುಷ್ಯರು, ನನಗೂ ಕುರ್ಚಿ ಹಾಕಿಸಿ ಚಹಾ ತರಿಸಿದರು. ಎಲ್ಲ ಕೇಳಿ, "ಆ ಅಧ್ಯಾಯ ಯಾಕ್ರೀ ಓದಿದಿರಿ? ಅದನ್ನು ಯಾರೂ ಓದುವುದಿಲ್ಲ" ಎಂದರು. ಆಮೇಲೆ ತಾಳ್ಮೆಯಿಂದ ವಿವರಿಸಿದರು. ಹಳೆಯ ನೇಮಗಳಲ್ಲಿ ಮೂರು ಬಗೆ. ಬಲಿ, ಮಡಿ, ಮೈಲಿಗೆಯ ಪದ್ಧತಿಗಳು ಕ್ರಿಸ್ತನಲ್ಲಿ ನೆರವೇರಿ ಮುಗಿದವು. ಆ ದೇಶದ ಶಿಕ್ಷೆ, ನ್ಯಾಯ ಆ ದೇಶಕ್ಕೇ ಆಯಿತು. ನೀತಿ ಮಾತ್ರ ಎಂದಿಗೂ ಉಳಿಯುವುದು. ಇದು ಮೊದಲನೆಯ ಬಗೆಯದು, ಮುಗಿದದ್ದು. ಹೋಗಿ ಹಾಗೆ ಹೇಳಿರಿ. ಬೇಕಾದರೆ ಮುಂದಿನ ತಿಂಗಳು ನಾನೂ ಬಂದು ಮಾತಾಡುತ್ತೇನೆ.

ಬಸ್ಸಿನಲ್ಲಿ ನಮ್ಮವರು ಕಿಟಕಿಯ ಪಕ್ಕ ಕೂತರು. ಕೋಳೂರು ದಾಟಿದ ಮೇಲೆ ಹೇಳಿದರು: "ಹಳೇದು ತಪ್ಪು ಅಂದ್ರ ದೇವರು ತಪ್ಪು ಮಾಡಿದ ಅಂದಂಗ. ಸರಿ ಅಂದ್ರ ಆ ಹುಡುಗಿ ಉಳಿಯಂಗಿಲ್ಲ. ಮೂರು ಬಗಿ ಅಂದ್ರ ಯಾಕೋಬಪ್ಪ ಕೇಳೋದು ನಂಗ ಈಗ್ಲೇ ಕೇಳಿಸಾಕ ಹತ್ತೈತಿ."

ಅವನು ಕೇಳಿದ್ದೂ ಅದನ್ನೇ. ಆ ಶನಿವಾರ ನಮ್ಮ ಮನೆಗೆ ಬಂದು ಸತ್ಯವೇದವನ್ನು ಮಂಡಿಯ ಮೇಲೆ ಇಟ್ಟುಕೊಂಡು ಕೂತ. "ಮೂರು ಪಾಲು ಮಾಡಿದವರು ಯಾರ್ರಿ? ಇದರಾಗ ಗೆರಿ ಎಳದೈತೇನು? ಒಂದೇ ಬಾಯಿ, ಒಂದೇ ಉಸಿರಿನಾಗ ಹೇಳಿದಂಗ ಐತಿ. ಪ್ರಭು ಏನಂದ? ಧರ್ಮಶಾಸ್ತ್ರದ ಒಂದು ಚುಕ್ಕಿನೂ ಅಳಿದು ಹೋಗಂಗಿಲ್ಲ ಅಂದ. ನೀವೇ ಓದಿಸೀರಿ."

"ಅದೇ ಪ್ರಭುವಿನ ಮುಂದ ಹಾದರ ಮಾಡ್ಯಾಳಂತ ಒಬ್ಬಾಕಿನ್ನ ಎಳಕೊಂಡು ಬಂದ್ರಲ್ಲ, ಕಲ್ಲು ಹಿಡಕೊಂಡು. ಆಗ ಆತ ಏನು ಮಾಡಿದ?" ಎಂದರು ನಮ್ಮವರು.

"ಆಕಿ ಸಿಕ್ಕಿ ಬಿದ್ದಾಕಿ. ಪಾಪ ಗೊತ್ತಿತ್ತು, ಕ್ಷಮಿಸಿದ. ನಂಗ ಗೊತ್ತೇ ಇಲ್ಲಲ್ರಿ. ಗೊತ್ತಾಗಾಕ ದಾರಿ ಇದೊಂದೇ ಐತಿ. ನಾ ಸುಮ್ಮನಿರಾಕ ಬಾಳ ನೋಡೀನಿ. ನಿದ್ದಿ ಬರವಲ್ದು." ಹೀಗೆಂದಾಗ ಅವನ ಕಣ್ಣು ಕೆಂಪಾಗಿತ್ತು. ಕೆಟ್ಟವನಂತೆ ಕಾಣಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಆಗ ಬಾಗಿಲಲ್ಲಿ ಕರುಣಮ್ಮ ನಿಂತಿದ್ದನ್ನು ಮೂವರೂ ನೋಡಿದೆವು. "ನಾಳೆ ಕೊಡ್ರಿ, ಕುಡೀತೀನಿ" ಎಂದಳು. "ದಿನಾ ಒಂದು ಗುಟುಕು ಕುಡಿಯಾಕ ಹತ್ತೀನಿ ನಿಮ್ಮವ್ವನ ಬಾಯಿಂದ. ಅದಕ್ಕಿಂತ ಇದೇನು ಕಹಿ ಇರ್ತೈತಿ?"

ಆಕೆ ಹೋದ ಮೇಲೆ ನಾನು ಹಿಂದೆಯೇ ಓಡಿದೆ. "ಬ್ಯಾಡ ಕರುಣಾ, ನಿನ್ನ ಹೊಟ್ಟಿ ನೆನಸಿಕೋ" ಎಂದೆ. ಆಕೆ ನನ್ನ ಕೈ ಹಿಡಿದುಕೊಂಡು, "ಕುಡೀದಿದ್ರ ಹುಟ್ಟಿದ ಕೂಸಿಗೆ ಆ ಹೆಸರು ಅಂಟತೈತಿ. ಕುಡಿದು ಉಳಿದ್ರ ಇಬ್ರೂ ಉಳೀತೀವಿ" ಎಂದಳು.

ಭಾನುವಾರ ಆರಾಧನೆ ಮುಗಿದ ಮೇಲೆ ಯಾರೂ ಮನೆಗೆ ಹೋಗಲಿಲ್ಲ. ಯಾಕೋಬಪ್ಪ ಎಲ್ಲ ತಯಾರಿ ಮಾಡಿಕೊಂಡು ಬಂದಿದ್ದ. ಕಾಣಿಕೆಗೆ ಜವೆಗೋಧಿ ಹಿಟ್ಟು ಎಂದು ಬರೆದಿದೆ. ಕುರುಗೋಡಿನಲ್ಲಿ ಎಲ್ಲಿ ಸಿಗಬೇಕು? ಜೋಳದ ಹಿಟ್ಟನ್ನು ಬಟ್ಟೆಯಲ್ಲಿ ಕಟ್ಟಿ ತಂದಿದ್ದ, ಎಣ್ಣೆ ಹಾಕಬಾರದು ಎಂದು ಬರೆದಿದೆ, ಹಾಕಿರಲಿಲ್ಲ. ಹೊಸ ಮಡಕೆ. ಶಾಪವನ್ನು ಪಾಟಿಯ ಮೇಲೆ ಬಳಪದಿಂದ ತಾನೇ ಬರೆದಿದ್ದ. ದುಂಡಗೆ, ತಪ್ಪಿಲ್ಲದೆ ಬರೆದಿದ್ದ. ನಮ್ಮವರು ಕಲಿಸಿದ ಅಕ್ಷರ. ಬೇಸಿಗೆಗೆ ಕಾಲುವೆಗೆ ನೀರು ಬಿಡುವುದು ನಿಂತು ಬಾವಿ ಬತ್ತುತ್ತಿದ್ದುದರಿಂದ ಅದರ ತಳದ ರಾಡಿ ನೀರನ್ನೇ ದೇವಮ್ಮ ಮಡಕೆಗೆ ತುಂಬಿದ್ದಳು. ನೆಲದ ಧೂಳು ಬಾಚಿದವಳೂ ಆಕೆಯೇ. ನಾನು ಹಿಂದಿನ ದಿನ ಸಾರಿಸಿದ್ದ ನೆಲ ಅದು.

ಕರುಣಮ್ಮ ಮುಂದೆ ಬಂದು ನಿಂತು ತುರುಬು ಬಿಚ್ಚಿದಳು. ನಮ್ಮವರು ಪಾಟಿಯನ್ನು ಮಡಕೆಯ ಬಾಯಿಗೆ ಹಿಡಿದು ತೊಳೆದರು. ಬಿಳಿ ನೀರು ಇಳಿಯಿತು. ಒಪ್ಪಿಕೊಂಡುಬಿಟ್ಟರೇ ಎಂದು ನಾನು ಅರ್ಧ ಎದ್ದೆ. ಆಮೇಲೆ ಅವರು ಮಾತಾಡಿದರು. ದೊಡ್ಡ ಮಾತುಗಾರರಲ್ಲ ಅವರು.

"ಇದು ಸುಳ್ಳು ಅಂತ ನಾ ಹೇಳಂಗಿಲ್ಲ. ಬರದದ್ದು ಬರದೈತಿ. ಯಾರೂ ಅಳಸಾಕ ಬರಂಗಿಲ್ಲ. ಆದ್ರ ನಮ್ಮೆಲ್ಲಾರ ಶಾಪ ಕುಡಿಯಾಕ ಅಂತನೇ ಒಬ್ಬಾತ ಬಂದು ಶಿಲುಬಿ ಮ್ಯಾಲ ಕುಡಿದು ಹೋಗ್ಯಾನ. ಅದನ್ನ ನಂಬಿದವರು ಈ ಮಡಕಿನ್ನ ತಿರುಗಿ ಒಂದು ಹೆಣ್ಣಿನ ಬಾಯಿಗೆ ಹಿಡಿದ್ರ, ಆತ ಕುಡಿದದ್ದು ಸಾಲಲಿಲ್ಲ ಅಂದಂಗ. ಹಳೇದಕ್ಕೂ ಹೊಸಾದಕ್ಕೂ ನಂಗ ತಿಳಿದ ಸಂಬಂಧ ಇದೊಂದೇ."

ಹೀಗೆಂದು ಮಡಕೆ ಎತ್ತಿ ತಾವೇ ಕುಡಿದರು. ನಿಲ್ಲಿಸದೆ, ತಳದ ಮಣ್ಣು ತುಟಿಗೆ ಬರುವ ತನಕ. ಕರುಣಮ್ಮ ನೆಲಕ್ಕೆ ಕುಸಿದು ಕೂತು ಅತ್ತಳು. ಮುದುಕರು ಇಬ್ಬರು ಮೂವರು "ಆಮೆನ್" ಎಂದರು. ಯಾಕೋಬಪ್ಪ ಖಾಲಿ ಮಡಕೆ ತೆಗೆದುಕೊಂಡು ಹೊರಗೆ ಹೋದ. ಆ ಸಂಜೆ ಗಂಡ ಹೆಂಡತಿ ಕಟ್ಟೆಯ ಮೇಲೆ ಕೂತು ಏನೋ ಮಾತಾಡುವುದನ್ನು ಕಂಡೆ. ಮುಗಿಯಿತು ಎಂದುಕೊಂಡೆ.

ಎರಡು ವಾರ ಆಗಿರಬಹುದು. ನಮ್ಮವರಿಗೆ ಜ್ವರ ಬಂತು. ಮೊದಲು ಬಿಸಿಲಿನದು ಎಂದುಕೊಂಡೆವು. ಇಳಿಯಲಿಲ್ಲ. ಬಾದನಹಟ್ಟಿಯಿಂದ ಬಂದ ಕಾಂಪೌಂಡರು ನಾಲಿಗೆ ನೋಡಿ, ಕಣ್ಣು ನೋಡಿ, "ಟೈಫಾಯ್ಡು. ನೀರಿನಿಂದ ಬರೋದು" ಎಂದು ಮಾತ್ರೆ ಕೊಟ್ಟು ಗಂಜಿ ಬಿಟ್ಟು ಏನೂ ಕೊಡಬೇಡಿರೆಂದ. ಅದೇ ವಾರ ಕೇರಿಯಲ್ಲಿ ಎರಡು ಮಕ್ಕಳಿಗೂ ಅದೇ ಜ್ವರ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಯಾಕೆಂದರೆ ನಮ್ಮವರ ಹೊಟ್ಟೆ ಉಬ್ಬಿತು.

ಆ ಜ್ವರದಲ್ಲಿ ಹೊಟ್ಟೆ ಉಬ್ಬುತ್ತದೆ, ಯಾವ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಆದರೆ ನೋಡಲು ಬಂದವರೆಲ್ಲ ಬಾಗಿಲಲ್ಲೇ ನಿಂತು ಮೊದಲು ಹೊದಿಕೆಯ ಕೆಳಗೆ ಹೊಟ್ಟೆ ಎಷ್ಟಿದೆ ಎಂದು ನೋಡುತ್ತಿದ್ದರು, ಆಮೇಲೆ ಮುಖ. ನೋಡಿ ಹೋದವರು ಮತ್ತೆ ಬರಲಿಲ್ಲ. ಇಷ್ಟು ದಿನ ಸಂಶಯಕ್ಕೆ ಗಂಡಸು ಇರಲಿಲ್ಲ, ಹೆಸರು ಇರಲಿಲ್ಲ. ಈಗ ಸಿಕ್ಕಿತು. ಕಟ್ಟೆಯ ಮೇಲಿಂದ ದೇವಮ್ಮನ ಧ್ವನಿ ನಮ್ಮ ಗೋಡೆ ದಾಟಿ ಬಂತು: "ನೀರಿಗೆ ಯಾರ ಮುಲಾಜು ಐತವ್ವ? ಯಾರನ್ನ ಹುಡುಕಬೇಕೋ ಅವರನ್ನ ಹುಡುಕೇ ತಗೀತು. ಸುಮ್ಮನ ಕುಡಿದ್ನೇನು ಆಕಿ ಬದಲಿಗೆ?"

ಒಳಗೆ ಮಲಗಿದ್ದವರಿಗೂ ಕೇಳಿಸಿತು. ಕಣ್ಣು ಮುಚ್ಚಿಕೊಂಡೇ, "ಎಸ್ತೇರು, ನೀನೂ ನಂಬ್ತಿಯೇನು?" ಎಂದರು. "ಗಂಜಿ ಕುಡೀರಿ" ಎಂದೆ.

ಮಾರನೆಯ ದಿನ ನಡುಮಧ್ಯಾಹ್ನ, ಕಾಗೆ ಕೂಡ ಕೂಗದ ಹೊತ್ತು, ಕರುಣಮ್ಮ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಬಟ್ಟೆಯ ಗಂಟು. ಹಣೆಯ ಹತ್ತಿರ ಬಾತಿತ್ತು. "ಅತ್ತಿ ಹೊರಗ ಹಾಕಿದ್ಲು. ತವರಿಗೆ ಹೋಗಾಕ ತವರು ಇಲ್ಲ" ಎಂದಳು. ಒಳಗೆ ಬರಲಿಲ್ಲ. "ನಾ ಇಲ್ಲಿ ಕಾಲಿಟ್ರ ಅವರು ಹೇಳಿದ್ದೇ ಖರೆ ಅಂತಾರ ಅಕ್ಕಾ. ಅದು ನಂಗೂ ಗೊತ್ತೈತಿ. ನೀನು ಹೋಗು ಅಂದ್ರ ಬಸ್ ಸ್ಟ್ಯಾಂಡಿನ ಕಡಿ ಹೋಗ್ತೀನಿ."

ಸಾಲಿನುದ್ದಕ್ಕೂ ಬಾಗಿಲುಗಳು ತೆರೆದಿದ್ದವು, ಯಾರೂ ಕಾಣುತ್ತಿರಲಿಲ್ಲ. ನನಗೆ ಹಳೆಯ ನೇಮ ಹೊಸ ನೇಮ ಯಾವುದೂ ನೆನಪಿಗೆ ಬರಲಿಲ್ಲ. ಬಿಸಿಲಿನಲ್ಲಿ ಬಸುರಿ ನಿಂತಿದ್ದಾಳೆ ಎಂಬುದಷ್ಟೇ ಕಂಡಿತು. ಗಂಟು ಇಸಿದುಕೊಂಡು ಒಳಗೆ ಇಟ್ಟೆ. ಕಾಲು ತೊಳೆಯಲು ಚೊಂಬು ಕೊಟ್ಟೆ.

ಅಂದಿನಿಂದ ನಮ್ಮ ಮನೆಗೆ ಯಾರೂ ಬರಲಿಲ್ಲ. ಹಾಲು ಹಾಕುವವಳು ಬಿಟ್ಟಳು. ಬಾವಿಗೆ ನಾನು ಹೋದರೆ ಉಳಿದವರು ಕೊಡ ಎತ್ತಿಕೊಂಡು ದೂರ ನಿಲ್ಲುವರು. ಭಾನುವಾರ ಮಂದಿರದಲ್ಲಿ ಗಂಟೆ ನಾನೇ ಬಾರಿಸಿದೆ, ನಾನೇ ಕೂತೆ, ನಾನೇ ಎದ್ದು ಬಂದೆ. ಕರುಣಮ್ಮ ಹಗಲೆಲ್ಲ ನಮ್ಮವರ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಜ್ವರ ಇಳಿಯುವ ಹೊತ್ತಿಗೆ ಅವರ ಮೈಯಲ್ಲಿ ಎಲುಬಷ್ಟೇ ಉಳಿದಿತ್ತು. ಆಕೆಯ ಬಸಿರು ಮಾತ್ರ ಗಟ್ಟಿಯಾಗಿ ನಿಂತಿತ್ತು; ಒಳಗೆ ಒದೆಯುವುದನ್ನು ನನ್ನ ಕೈ ಹಿಡಿದು ತೋರಿಸುತ್ತಿದ್ದಳು.

ನಮ್ಮವರು ಎದ್ದು ಗೋಡೆಗೆ ಒರಗಿ ಕೂರುವಂತಾದ ಸಂಜೆ, "ಓದು ಎಲ್ಲಿಗೆ ನಿಂತಿತ್ತು?" ಎಂದರು. ಅವರಿಗೇ ಗೊತ್ತಿತ್ತು. "ಮುಂದಿನ ಮನಿ ನಮ್ಮದು. ನಂಗ ದನಿ ಇಲ್ಲ. ನೀ ಓದು." ಶನಿವಾರ ಅದು. ಬಾಗಿಲು ತೆರೆದೇ ಇತ್ತು. ನಾನು ಲಾಟೀನು ಹತ್ತಿರ ಎಳೆದುಕೊಂಡು ಅರಣ್ಯಕಾಂಡದ ಆರನೆಯ ಅಧ್ಯಾಯ ಓದಿದೆ. ಹರಕೆ ಹೊತ್ತವರ ನೇಮಗಳು; ದ್ರಾಕ್ಷಿ ಮುಟ್ಟಬಾರದು, ಕೂದಲು ತೆಗೆಯಬಾರದು. ಮುಗಿಯುತ್ತ ಬಂದಾಗ ನನ್ನ ನಾಲಿಗೆ ತಡವರಿಸಿತು. ಪ್ರತಿ ಭಾನುವಾರ ಆರಾಧನೆಯ ಕೊನೆಗೆ ನಮ್ಮನ್ನು ಮನೆಗೆ ಕಳಿಸುವ ಆಶೀರ್ವಾದ, ಕರ್ತನು ನಿನ್ನನ್ನು ಕಾಪಾಡಲಿ, ಆತನ ಮುಖದ ಬೆಳಕು ನಿನ್ನ ಮೇಲೆ ಬೀಳಲಿ, ಸಮಾಧಾನ ಕೊಡಲಿ ಎಂಬ ಆ ಮಾತು, ಅಲ್ಲಿತ್ತು. ಹುಟ್ಟಿದಾಗಿನಿಂದ ಕೇಳಿದ್ದೆ, ಅದು ಹೊಸ ಒಡಂಬಡಿಕೆಯಲ್ಲಿ ಎಲ್ಲೋ ಇದೆ ಎಂದುಕೊಂಡಿದ್ದೆ. ಕಹಿ ನೀರಿನ ಮಗ್ಗುಲಲ್ಲೇ, ಅದೇ ಹಾಳೆಯ ಬೆನ್ನಿಗೆ ಇತ್ತು. ನಮ್ಮವರೂ ತಲೆದೂಗಿದರು. "ಎರಡೂ ಒಂದೇ ಕೈಯಾಗ ಅದಾವು" ಎಂದರು. ಅಷ್ಟೇ.

ಆಶೀರ್ವಾದಕ್ಕೆ ಎದ್ದು ನಿಲ್ಲುವುದು ನಮ್ಮ ರೂಢಿ. ಕರುಣಮ್ಮ ಗೋಡೆ ಹಿಡಿದು ಎದ್ದಳು. ಆಗ ಹೊರಗೆ ಹೊಟ್ಟಿನ ವಾಸನೆ ಬಂತು. ಯಾಕೋಬಪ್ಪ ಮೆಟ್ಟಿಲ ಕೆಳಗೆ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಮುಖದಲ್ಲಿ ಏನಿದೆಯೆಂದು ನೋಡಲು ಬೆಳಕಿರಲಿಲ್ಲ.

"ಮನಿಗೆ ಬಾ" ಎಂದ.

ಕರುಣಮ್ಮ ಸೆರಗು ಸರಿಮಾಡಿಕೊಂಡಳು. ಸಿಟ್ಟಿರಲಿಲ್ಲ ಧ್ವನಿಯಲ್ಲಿ. "ಖರೆ ಏನು ಅಂತ ಗೊತ್ತಾತೇನು ನಿಮ್ಗ?"

ಅವನು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ಮತ್ತೆ ತೆಗೆದ.

"ಗೊತ್ತಾಗಿಲ್ಲ. ಗೊತ್ತಾಗಂಗೂ ಇಲ್ಲ. ಆ ಮನ್ಯಾಗ ಇನ್ನೂ ಐದನೇ ಅಧ್ಯಾಯನೇ ನಡದೈತಿ. ನಾ ಇಲ್ಲೇ ಇರ್ತೀನಿ."

ಅವನು ಮನೆಗೂ ಹೋಗದೆ ಸಿರುಗುಪ್ಪದ ದಾರಿ ಹಿಡಿದ.

ಅದರ ಮುಂದಿನದನ್ನೂ ಹೇಳಿಬಿಡುತ್ತೇನೆ. ಊರ ಮಾತು ಬಳ್ಳಾರಿಗೆ ತಲುಪಿತು. ಅಯ್ಯನವರು ನಮ್ಮವರನ್ನು ಕುರುಗೋಡಿನಿಂದ ತೆಗೆದರು. ತಪ್ಪು ಎಂದು ಅಲ್ಲ, ಸಭೆಯ ಸಮಾಧಾನಕ್ಕೆ ಎಂದರು. ಮತ್ತೆ ಉಪದೇಶಿಯ ಕೆಲಸ ಸಿಗಲಿಲ್ಲ. ಬಳ್ಳಾರಿಯ ಪಾರ್ವತಿನಗರದ ಕಡೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದರು, ಈಗಲೂ ಹೋಗುತ್ತಾರೆ. ಕರುಣಮ್ಮ ನಮ್ಮ ಜೊತೆಗೇ ಬಂದಳು. ಮಳೆಗಾಲದಲ್ಲಿ ಹೆಣ್ಣು ಹುಟ್ಟಿತು. ನನ್ನ ಮಡಿಲಲ್ಲೇ ಬೆಳೆದು ಈಗ ನರ್ಸು ತರಬೇತಿಗೆ ಹೋಗುತ್ತಿದ್ದಾಳೆ. ಯಾಕೋಬಪ್ಪ ಒಂದು ಸಲವೂ ನೋಡಲು ಬರಲಿಲ್ಲ.

ಕೇರಿ ಬಿಟ್ಟ ಬೆಳಿಗ್ಗೆ ಮೋಡವಿತ್ತು, ಮಳೆ ಇರಲಿಲ್ಲ. ಟ್ರಂಕನ್ನು ನಾನು ಹೊತ್ತೆ, ಹಾಸಿಗೆಯನ್ನು ಕರುಣಮ್ಮ. ನಮ್ಮವರು ಕೋಲು ಹಿಡಿದು ಮುಂದೆ. ಹೋಗಿ ಬರ್ರಿ ಎಂದು ಒಬ್ಬರೂ ಹೇಳಲಿಲ್ಲ. ತಿರುವಿನಲ್ಲಿ ಹಿಂದೆ ನೋಡಿದೆ. ದೇವಮ್ಮ ಬಿಂದಿಗೆ ಸೊಂಟಕ್ಕೆ ಇಟ್ಟುಕೊಂಡು, ನಾವು ನಡೆದು ಬಂದ ಹೆಜ್ಜೆಗಳ ಮೇಲೆ ನೀರು ಹಾಕುತ್ತ ಬರುತ್ತಿದ್ದಳು. ಊರೊಳಗಿನ ಮನೆಗಳವರು ಮೈಲಿಗೆ ತೊಳೆಯಲು ನಮ್ಮ ಅಜ್ಜಿಯ ಹಿಂದೆ ಹಾಗೆಯೇ ನೀರು ಹಾಕುತ್ತಿದ್ದರಂತೆ. ಆಗ ಹೆಜ್ಜೆ ನಮ್ಮವು, ನೀರು ಅವರದು. ಅಂದು ಬಿಂದಿಗೆಯೂ ನಮ್ಮದೇ, ಬಾವಿಯೂ ನಮ್ಮದೇ. ಆಕೆ ಒಂದು ಹೆಜ್ಜೆಯನ್ನೂ ಬಿಡದೆ ಹಾಕುತ್ತಿದ್ದಳು.